ಗೆರೆಯ ಹೊರಗಿನ ಮಾಸ್ತರ

ಬ್ಯಾಸ್ಕೆಟ್‌ಬಾಲ್ ಆಟಕ್ಕೆ ಬರೆದ ಮೊದಲ 13 ನಿಯಮಗಳಲ್ಲಿ ಕೋಚ್ ಎಂಬುವವನೇ ಇಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 18 ವಿದ್ಯಾರ್ಥಿಗಳ ಒಂದು ತರಗತಿಗಾಗಿ ಆ ನಿಯಮಗಳನ್ನು ಬರೆದರು. ಫೌಲ್ ನೋಡಲು ಅಂಪೈರ್ ಇದ್ದ, ಚೆಂಡನ್ನೂ ಹೊತ್ತನ್ನೂ ನೋಡಲು ರೆಫ್ರಿ ಇದ್ದ, ಆಟ ಸಮವಾದರೆ ಮುಂದೇನೆಂದು ಮಾತಾಡಿಕೊಳ್ಳಲು ಎರಡೂ ತಂಡಗಳ ನಾಯಕರಿದ್ದರು. ಗೆರೆಯ ಹೊರಗೆ ನಿಂತು ಹುಡುಗರಿಗೆ ಹೇಳಿಕೊಡುವ ಒಬ್ಬ ಹಿರಿಯನ ಅಗತ್ಯ ನೈಸ್ಮಿತ್ ಅವರಿಗೆ ಕಾಣಲಿಲ್ಲ. ಇವತ್ತು ಯಾವುದೇ ತಾಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಹೋದರೂ ಕಣ್ಣಿಗೆ ಮೊದಲು ಬೀಳುವವನು, ಕಿವಿಗೆ ಮೊದಲು ತಾಗುವವನು ಅವನೇ. ಇಲ್ಲದಿದ್ದವನು ಇಷ್ಟು ದೊಡ್ಡವನಾದದ್ದು ಹೇಗೆ, ಆ ದಾರಿಯಲ್ಲಿ ಅವನ ನಿಜವಾದ ಕೆಲಸ ಎಲ್ಲಿ ತಪ್ಪಿಹೋಯಿತು ಎಂಬುದು ಈ ಬರಹದ ವಿಷಯ. ಇದನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಿಂದ ನೋಡಿದರೆ ಒಂದು ತರಹ ಕಾಣುತ್ತದೆ. ಕೃಷ್ಣಾ ನದಿಯ ದಂಡೆಯ ಶಕ್ತಿನಗರದಿಂದ, ರಾಯಚೂರು, ದೇವದುರ್ಗ, ಮಾನ್ವಿಯ ಶಾಲಾ ಬಯಲುಗಳಿಂದ ನೋಡಿದರೆ ಬೇರೆಯೇ ಕಾಣುತ್ತದೆ. ನನ್ನ ವಾದ ಇಷ್ಟು: ಈ ವೃತ್ತಿ ಹುಟ್ಟಿ ಬೆಳೆದದ್ದು ಪಂದ್ಯದ ದಿನದಲ್ಲಿ ಅಲ್ಲ, ದಿನದಿನದ ತಾಲೀಮಿನಲ್ಲಿ. ನಮ್ಮ ಭಾಗಕ್ಕೆ ಪಂದ್ಯದ ದಿನದ ಕೋಚ್ ತಲುಪಿದ, ತಾಲೀಮಿನ ಕೋಚ್ ತಲುಪಲಿಲ್ಲ. ಇಲ್ಲಿ ಈ ಆಟ ಬೇರು ಬಿಡದಿರಲು ಹಣಕ್ಕಿಂತ, ಕೋರ್ಟಿಗಿಂತ ದೊಡ್ಡ ಕಾರಣ ಅದು.

ಮೊದಲು ಪಂದ್ಯದ ವಿಷಯ ನೋಡೋಣ. ಆಟ ಹುಟ್ಟಿ 20 ವರ್ಷ ಆಗುವ ಮೊದಲೇ ಅಮೆರಿಕದ ಕಾಲೇಜುಗಳಲ್ಲಿ ಕೋಚ್‌ಗಳು ಕಾಣಿಸಿಕೊಂಡಿದ್ದರು, ಗೆರೆಯ ಹೊರಗಿನಿಂದ ಕೂಗಿ ಆಡಿಸತೊಡಗಿದ್ದರು. ನಿಯಮ ಮಾಡುವವರಿಗೆ ಇದು ಹಿಡಿಸಲಿಲ್ಲ. 1910-11ರ ಸಾಲಿನಲ್ಲಿ ಅವರು ಕಟ್ಟುನಿಟ್ಟಿನ ನಿಯಮವೊಂದನ್ನು ತಂದರು: ಪಂದ್ಯ ನಡೆಯುತ್ತಿರುವಾಗ ತಂಡಕ್ಕೆ ಸಂಬಂಧಪಟ್ಟ ಯಾರೂ ಆಟಗಾರರಿಗೆ ಹೇಳಿಕೊಡಕೂಡದು, ಮೊದಲ ಸಲಕ್ಕೆ ಎಚ್ಚರಿಕೆ, ಮತ್ತೆ ಬಾಯಿ ತೆರೆದರೆ ಎದುರಾಳಿಗೆ ಒಂದು ಫ್ರೀ ಥ್ರೋ. ಟೈಮ್‌ಔಟ್ ಕೇಳಿದರೂ ಆಟಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬೇಕಿತ್ತು. ಕೋಚ್ ಟೈಮ್‌ಔಟ್‌ನಲ್ಲಿ ತನ್ನ ಹುಡುಗರ ಜೊತೆ ಮಾತನಾಡಬಹುದು ಎಂದು ಅಲ್ಲಿ ಒಪ್ಪಿಗೆ ಸಿಕ್ಕದ್ದು 1948-49ರ ಸಾಲಿನಲ್ಲಿ. ಅಂದರೆ 1948ರ ಸೆಪ್ಟೆಂಬರಿನಲ್ಲಿ ರಾಯಚೂರು ನಿಜಾಮನ ಆಳ್ವಿಕೆಯಿಂದ ಹೊರಗೆ ಬಂದ ಹೊತ್ತಿಗೆ, ಈ ಆಟದ ತವರಿನಲ್ಲೇ ಕೋಚ್ ಪಂದ್ಯದ ನಡುವೆ ಮಾತನಾಡುವುದು ಹೊಸ ಸಂಗತಿಯಾಗಿತ್ತು. ನಾವು ಸಹಜವೆಂದು, ಅನಾದಿಯೆಂದು ತಿಳಿದಿರುವ ಗೆರೆಯಂಚಿನ ಮಾತಿಗೆ ಸಿಕ್ಕ ಒಪ್ಪಿಗೆಗೆ ಅಷ್ಟೇ ವಯಸ್ಸು. ಆ ನಿಷೇಧದ ಹಿಂದೆ ಒಂದು ನಂಬಿಕೆ ಇತ್ತು: ಆಟ ಆಡುವವರದು; ಕಲಿತದ್ದನ್ನು ತಾವೇ ಯೋಚಿಸಿ ಬಳಸುವುದನ್ನು ಅಲ್ಲಿ ಅವರು ಅಭ್ಯಾಸ ಮಾಡಬೇಕು. ಪಂದ್ಯವೆಂದರೆ ಪರೀಕ್ಷೆಯ ಕೋಣೆ, ಕಿಟಕಿಯಿಂದ ಉತ್ತರ ಹೇಳಿಕೊಡುವುದು ಸಲ್ಲದು ಎಂಬ ಭಾವ.

ಹಾಗಂತ ಆ ಕಾಲದವರು ಕಲಿಸುವುದನ್ನೇ ಬೇಡವೆಂದರು ಎಂದಲ್ಲ. ನೈಸ್ಮಿತ್ ಅವರಿಗೆ ಆ ಅನುಮಾನ ಇದ್ದದ್ದು ನಿಜ. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1898ರಿಂದ 1907ರವರೆಗೆ ತಂಡ ನೋಡಿಕೊಂಡ ಅವರು 55 ಪಂದ್ಯ ಗೆದ್ದು 60 ಸೋತರು. ಗೆಲುವಿಗಿಂತ ಸೋಲು ಹೆಚ್ಚಿರುವ ಕೋಚ್ ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಅವರೊಬ್ಬರೇ, ಆಟವನ್ನು ಹುಟ್ಟಿಸಿದವರೇ! ಅವರ ಶಿಷ್ಯ ಫಾಗ್ ಅಲೆನ್ ಕೋಚ್ ಕೆಲಸಕ್ಕೆ ಹೊರಟಾಗ ಇದು ಕಲಿಸುವ ಆಟವಲ್ಲ, ಆಡುವ ಆಟ ಎಂಬರ್ಥದಲ್ಲಿ ಗುರುಗಳು ಹೇಳಿದರೆಂಬ ಕಥೆ ಪ್ರಸಿದ್ಧ. ಅಲೆನ್ ಅದನ್ನು ಒಪ್ಪಲಿಲ್ಲ. 1927ರಲ್ಲಿ ನಿಯಮ ಸಮಿತಿ ಡ್ರಿಬಲ್ ಅನ್ನು ಒಂದೇ ಪುಟಿತಕ್ಕೆ ಇಳಿಸಲು ಹೊರಟಾಗ ಕೋಚ್‌ಗಳನ್ನೆಲ್ಲ ಒಟ್ಟುಗೂಡಿಸಿ, ಸಂಘ ಕಟ್ಟಿ ಅದನ್ನು ತಡೆದವರು ಅವರೇ. ಇಂದು ನಾವು ನೋಡುವ ಆಟದ ಅರ್ಧ ಸೊಗಸು ಡ್ರಿಬಲ್‌ನದ್ದು. ಅದು ಉಳಿದದ್ದು ಕೋಚ್‌ಗಳ ಹಟದಿಂದ. ಗುರುಶಿಷ್ಯರ ಈ ಜಗಳದಲ್ಲಿ ನನ್ನ ಮತ ಶಿಷ್ಯನಿಗೆ. ಈ ಆಟವನ್ನು ಕಲಿಸಬಹುದು, ಕಲಿಸಲೇಬೇಕು. ಆದರೆ ಅಲೆನ್ ಗೆದ್ದದ್ದು ಕೋಚ್‌ಗಳಿಗೆ ಪಂದ್ಯದ ನಡುವೆ ಬಾಯಿ ಕಟ್ಟಿದ್ದ ಕಾಲದಲ್ಲಿ ಎಂಬುದನ್ನು ಮರೆಯಬಾರದು. ಹೇಳುವುದನ್ನೆಲ್ಲ ಪಂದ್ಯಕ್ಕೆ ಮೊದಲೇ, ವಾರದ ಅಭ್ಯಾಸದಲ್ಲಿ ಹೇಳಿ ಮುಗಿಸಬೇಕಿತ್ತು. ತರಬೇತಿ ಒಂದು ಶಾಸ್ತ್ರವಾಗಿ ಬೆಳೆದದ್ದಕ್ಕೆ ಆ ನಿರ್ಬಂಧವೂ ಒಂದು ಕಾರಣ ಎನ್ನಬೇಕು.

ಕಲಿಸುವುದು ಎಂದರೇನು ಎಂಬುದನ್ನು ಒಂದೇ ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. ಲೇ-ಅಪ್ ಎನ್ನುವುದು ಈ ಆಟದ ಅ ಆ ಇ ಈ. ಬಲಗೈ ಹುಡುಗಿ ಬಲಗಡೆಯಿಂದ ರಿಂಗಿನತ್ತ ಓಡಿ ಬರುತ್ತಾಳೆ. ಚೆಂಡನ್ನು ಎರಡೂ ಕೈಗೆ ತೆಗೆದುಕೊಂಡಾಗ ಬಲಗಾಲು ನೆಲಕ್ಕೆ, ನಂತರ ಎಡಗಾಲು, ಎಡಗಾಲಿನಿಂದಲೇ ನೆಗೆತ, ಅದೇ ಕ್ಷಣಕ್ಕೆ ಬಲ ಮೊಣಕಾಲು ಮೇಲಕ್ಕೆ, ಚೆಂಡು ಬೋರ್ಡಿನ ಚೌಕದ ಮೂಲೆಗೆ. ಹೇಳಿದರೆ ಒಂದು ವಾಕ್ಯ, ಮಾಡಹೋದರೆ ಕಾಲುಗಳು ತೊಡರುತ್ತವೆ. ಹೊಸಬರು ಬಲಗಾಲಿನಿಂದ ನೆಗೆಯುತ್ತಾರೆ, ಇಲ್ಲವೇ ಮೂರನೇ ಹೆಜ್ಜೆ ಇಟ್ಟು ಟ್ರಾವೆಲಿಂಗ್ ಮಾಡುತ್ತಾರೆ. ಬಲ್ಲ ಕೋಚ್ ಇದನ್ನು ಬಿಡಿಬಿಡಿಯಾಗಿ ಒಡೆಯುತ್ತಾನೆ: ಮೊದಲು ಚೆಂಡೇ ಇಲ್ಲದೆ ಒಂದು ಹೆಜ್ಜೆ ಮತ್ತು ನೆಗೆತ; ಆಮೇಲೆ ಎರಡು ಹೆಜ್ಜೆ; ಆಮೇಲೆ ನಿಂತಲ್ಲೇ ಕೈಗೆ ಚೆಂಡು ಕೊಟ್ಟು; ಆಮೇಲೆ ಒಂದೇ ಡ್ರಿಬಲ್; ಕಡೆಗೆ ಪೂರ್ತಿ ಓಟ. ಅದು ಕಾಲಿಗೆ ಹತ್ತಿದ ಮೇಲೆ ಎಡಗಡೆಯಿಂದ ಎಡಗೈಯಲ್ಲಿ ಮತ್ತೆ ಮೊದಲಿನಿಂದ. ಇದಕ್ಕೆ ವಾರಗಳು ಬೇಕು. ಪಂದ್ಯದ ನಡುವೆ ಗೆರೆಯ ಹೊರಗಿನಿಂದ ‘ಎಡಗಾಲು, ಎಡಗಾಲು’ ಎಂದು ಎಷ್ಟು ಕೂಗಿದರೂ ಆ ಕಾಲು ಕೇಳುವುದಿಲ್ಲ.

ಭಾರತಕ್ಕೆ ಈ ಆಟ ತಡವಾಗೇನೂ ಬರಲಿಲ್ಲ. ನೈಸ್ಮಿತ್ ಅವರ ಆ ಮೊದಲ ತರಗತಿಯಲ್ಲಿದ್ದ ಡಂಕನ್ ಪ್ಯಾಟನ್ 1894ರ ಹೊತ್ತಿಗೆ ಇದನ್ನು ಇಲ್ಲಿಗೆ ತಂದರೆಂಬುದು ಒಪ್ಪಿತ ಮಾತು. ಆದರೆ ಆಟ ಬರುವುದು ಬೇರೆ, ಅದನ್ನು ಕಲಿಸುವವರು ತಯಾರಾಗುವುದು ಬೇರೆ. ಆ ಕೆಲಸ ಶುರುವಾದದ್ದು 1920ರಲ್ಲಿ, ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆಯನ್ನು ತೆರೆದಾಗ. ಅಲ್ಲಿ ತಯಾರಾದವರು ತಂಡ ಗೆಲ್ಲಿಸುವ ಕೋಚ್‌ಗಳಿಗಿಂತ ಹೆಚ್ಚಾಗಿ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಆಟ ಕಲಿಸುವ ಶಿಕ್ಷಕರು. 1931ರಲ್ಲಿ ಹೈದರಾಬಾದಿನಲ್ಲಿ ಸರ್ಕಾರಿ ದೈಹಿಕ ಶಿಕ್ಷಣ ಕಾಲೇಜು ಬಂತು, 1938ರಲ್ಲಿ ಮುಂಬಯಿ ಪ್ರಾಂತ್ಯದ ಕಾಂದಿವಲಿಯಲ್ಲಿ ಒಂದು. ಈ ಇಸವಿಗಳನ್ನು ಕರ್ನಾಟಕದ ನಕ್ಷೆಯ ಮೇಲೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಬಳ್ಳಾರಿ, ಮಂಗಳೂರು ಮದ್ರಾಸಿನ ಕಡೆಗೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿಯ ಕಡೆಗೆ. ಬೆಂಗಳೂರು, ಮೈಸೂರಿಗೆ ತಮ್ಮದೇ ಸಂಸ್ಥಾನ, ತಮ್ಮದೇ ನಗರಗಳು, ಕಂಟೋನ್ಮೆಂಟು, ವೈಎಂಸಿಎ. ರಾಯಚೂರು, ಕಲಬುರಗಿ, ಬೀದರಿನ ಮಾಸ್ತರನಿಗೆ ಇದ್ದ ದಾರಿ ಹೈದರಾಬಾದಿನದು, ಕಲಿಕೆಯ ಮಾತು ಉರ್ದು. ತುಂಗಭದ್ರೆಯ ಈ ದಂಡೆಗೂ ಆ ದಂಡೆಗೂ ನಡುವೆ ನೀರಷ್ಟೇ ಇರಲಿಲ್ಲ, ಬೇರೆ ಬೇರೆ ರಾಜಧಾನಿಗಳಿದ್ದವು. ಪಂಡಿತ ತಾರಾನಾಥರು 1920ರ ಆಸುಪಾಸಿನಲ್ಲಿ ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಬೇಕಾಗಿ ಬಂದದ್ದೇ ಸಂಸ್ಥಾನದ ಈ ಅಂಚಿನ ಕನ್ನಡ ಮಕ್ಕಳಿಗೆ ಓದಿನ ವ್ಯವಸ್ಥೆ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಸಾಕ್ಷಿ. ಓದಿಗೇ ಹೀಗಿದ್ದಲ್ಲಿ ಆಟಕ್ಕೆ ಕಲಿತ ಮಾಸ್ತರರು ಸಾಕಷ್ಟು ಸಿಗುವುದು ಕನಸಿನ ಮಾತಾಗಿತ್ತು.

ಹೊಸ ಬಗೆಯ ಮಾಸ್ತರ ಬರುವ ಮೊದಲೇ ಈ ಭಾಗದಲ್ಲಿ ಇಬ್ಬರು ಹಳಬರಿದ್ದರು. ಒಬ್ಬ ಡ್ರಿಲ್ ಮಾಸ್ತರ. ದೇಶದ ಎಲ್ಲ ಕಡೆಯಂತೆ ಶಾಲೆಗಳಲ್ಲಿ ಸೈನ್ಯದಿಂದ ಬಂದವರೋ ಸೈನ್ಯದ ರೀತಿ ಕಲಿತವರೋ ಮಕ್ಕಳನ್ನು ಸಾಲು ನಿಲ್ಲಿಸಿ ಅಪ್ಪಣೆ ಕೊಡುತ್ತಿದ್ದರು. ಅಲ್ಲಿ ಮಗುವಿನ ಕೆಲಸ ಕೇಳಿದ್ದನ್ನು ಮಾಡುವುದು, ಮಾಸ್ತರನ ಕೆಲಸ ಸೀಟಿ ಊದಿ ಕೂಗುವುದು. ಇನ್ನೊಬ್ಬ ಗರಡಿಯ ಉಸ್ತಾದ. ಬೆಳಗಿನ ಜಾವ ಮಣ್ಣು ಕೆದಕಿ ಹದ ಮಾಡಿ, ಒಬ್ಬೊಬ್ಬ ಹುಡುಗನ ಮೈಕಟ್ಟಿಗೆ ತಕ್ಕ ಪಟ್ಟು ಹೇಳಿಕೊಟ್ಟು, ಅದೇ ಪಟ್ಟನ್ನು ತಿಂಗಳುಗಟ್ಟಲೆ ತಿದ್ದಿ, ಊಟಕ್ಕೂ ನಿದ್ದೆಗೂ ಹೊಣೆ ಹೊತ್ತು ಬೆಳೆಸುವವನು. ಜಾತ್ರೆಯ ಕಣದಲ್ಲಿ ಅವನೂ ಕೂಗಿ ಹೇಳುತ್ತಿದ್ದನೇನೋ, ಇಲ್ಲವೆನ್ನಲಾರೆ. ಆದರೆ ಅವನ ಹೆಸರು ನಿಂತದ್ದು ಆ ಕೂಗಿನಿಂದಲ್ಲ, ಗರಡಿಯಿಂದ. ಇಂತಹವರ ಶಿಷ್ಯ ಎಂದು ಹೇಳಿಕೊಂಡರೆ ಸಾಕಿತ್ತು. ಇಂದಿಗೂ ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಕುಸ್ತಿಗೆ ಜನ ಸೇರುತ್ತಾರೆ, ಆ ಪರಂಪರೆ ಪೂರ್ತಿ ಅಳಿದಿಲ್ಲ. ಬ್ಯಾಸ್ಕೆಟ್‌ಬಾಲ್ ಈ ನೆಲಕ್ಕೆ ಬಂದಾಗ ಉಸ್ತಾದನ ರೀತಿಗೆ ಕಸಿಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಅದು ಬಂದದ್ದು ಶಾಲೆಯ ಮೂಲಕ; ಆದ್ದರಿಂದ ಅದಕ್ಕೆ ದಕ್ಕಿದ್ದು ಡ್ರಿಲ್ ಮಾಸ್ತರನ ಗಂಟಲು. ಇಂದು ಗೆರೆಯಂಚಿನಲ್ಲಿ ಕೇಳುವ ‘ಓಡು, ಹಿಡಿ, ಹೊಡಿ’ ಎಂಬ ಅಪ್ಪಣೆಗಳ ವಂಶ ಅಲ್ಲಿಯದು ಎಂದು ನನಗೆ ಅನ್ನಿಸುತ್ತದೆ.

ಸ್ವಾತಂತ್ರ್ಯದ ನಂತರ ಸರ್ಕಾರಗಳು ತರಬೇತಿಗೆ ಕೈಹಾಕಿದವು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, 1953ರಲ್ಲಿ ರಾಜಕುಮಾರಿ ಅಮೃತ್ ಕೌರ್ ಹೆಸರಿನ ತರಬೇತಿ ಯೋಜನೆ, 1954ರಲ್ಲಿ ಶಾಲಾ ಕ್ರೀಡಾ ಒಕ್ಕೂಟ, 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ. ಈ ಕೊನೆಯದರಿಂದ ಎನ್‌ಐಎಸ್ ಕೋಚ್ ಎಂಬ ಹೊಸ ಜಾತಿಯ ಮಾಸ್ತರ ಹುಟ್ಟಿದ: ಶಾಲೆಯ ಎಲ್ಲ ಆಟ ನೋಡಿಕೊಳ್ಳುವವನಲ್ಲ, ಒಂದೇ ಆಟವನ್ನು ಆಳವಾಗಿ ಬಲ್ಲವನು. ಕರ್ನಾಟಕದಲ್ಲಿ ಬ್ಯಾಸ್ಕೆಟ್‌ಬಾಲ್ ಬೆಳೆದದ್ದು ಇಂತಹವರು ನೆಲೆ ನಿಂತ ಕಡೆ: ಬೆಂಗಳೂರಿನ ಬೀಗಲ್ಸ್‌ನಂತಹ ಕ್ಲಬ್ಬುಗಳಲ್ಲಿ, ವಿದ್ಯಾನಗರ, ಮೈಸೂರಿನ ಕ್ರೀಡಾ ವಸತಿ ನಿಲಯಗಳಲ್ಲಿ, ರೈಲ್ವೆ ಮತ್ತು ಬ್ಯಾಂಕುಗಳ ತಂಡಗಳ ಸುತ್ತ. ವಸತಿ ನಿಲಯದ ಗುಟ್ಟೇನು? ದೊಡ್ಡ ವಿದ್ಯೆಯೇನೂ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅದೇ ಕೋರ್ಟು, ಅದೇ ಕೋಚ್, ವರ್ಷವಿಡೀ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗವನ್ನು ಭಾರತ ಕಂಠೀರವ ಒಳಾಂಗಣದಲ್ಲೇ ಗೆದ್ದುಕೊಂಡಾಗ ಸೇರಿದ್ದ ಬೆಂಗಳೂರಿನ ಜನ ಹೀಗೆ ಹಲವು ದಶಕ ಆಟ ಕಂಡು ಬೆಳೆದವರು.

ರಾಯಚೂರಿನ ಕಡೆ ಹರಿದು ಬಂದದ್ದು ಈ ವ್ಯವಸ್ಥೆಯ ಇನ್ನೊಂದು ಕೊನೆ, ಶಾಲಾ ಕ್ರೀಡಾಕೂಟ. ವಲಯ, ತಾಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳ ಈ ಏಣಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳ್ಳಿಯ ಮಗುವಿಗೆ ತನ್ನ ತಾಲೂಕಿನ ಆಚೆಯ ಊರು ಕಾಣಿಸಿದ್ದು ಎಷ್ಟೋ ಸಲ ಇದರಿಂದಲೇ. ಆದರೆ ಈ ಏಣಿ ನಿಂತಿರುವುದು ಪಂದ್ಯಗಳ ಮೇಲೆ. ಪಂದ್ಯಕ್ಕೆ ದಿನಾಂಕ ಉಂಟು, ಸುತ್ತೋಲೆ ಉಂಟು, ಪ್ರಯಾಣದ ಖರ್ಚು ಉಂಟು, ಪ್ರಮಾಣಪತ್ರ ಉಂಟು. ತಾಲೀಮಿಗೆ ಇವು ಒಂದೂ ಇಲ್ಲ. ಸುತ್ತೋಲೆ ಬಂದ ಮೇಲೆ ಎತ್ತರದ ಹುಡುಗರನ್ನು ಆರಿಸಿ, ನಾಲ್ಕಾರು ದಿನ ಆಡಿಸಿ, ಟ್ರ್ಯಾಕ್ಸ್ ಹತ್ತಿಸಿ ಕರೆದೊಯ್ಯುವ ಪಿ.ಟಿ. ಮಾಸ್ತರನ ತಪ್ಪೇನೂ ಇಲ್ಲ. ಕಬಡ್ಡಿ, ಖೊ-ಖೊ, ವಾಲಿಬಾಲ್, ಥ್ರೋಬಾಲ್, ಓಟ, ಎಸೆತ ಎಲ್ಲವೂ ಅವನ ತಲೆಯ ಮೇಲೆ. ಅದರ ಮೇಲೆ ಶಾಲೆಯ ಬೇರೆ ಕೆಲಸ. ಅವನನ್ನು ನಾವು ಕೋಚ್ ಎಂದು ಕರೆಯುವುದು ಆ ಒಂದು ದಿನ ಮಾತ್ರ. ಅಂದು ಅವನು ಕೂಗದೆ ಇನ್ನೇನು ಮಾಡಬೇಕು? ವರ್ಷದ ಕಲಿಕೆಯನ್ನು ಒಂದು ತಾಸಿನಲ್ಲಿ ತುಂಬಲು ಹೊರಟವನ ದನಿ ಏರಲೇಬೇಕು.

ಇದಕ್ಕೆ ಮೊದಲ ಆಕ್ಷೇಪ ಬರುವುದು ಸೌಲಭ್ಯದ ಹೆಸರಲ್ಲಿ. ದೇವದುರ್ಗ, ಮಾನ್ವಿಯನ್ನು ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. ರಾಯಚೂರು ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಒಂದು. ಇಲ್ಲಿ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ, ಬೋರ್ಡು, ರಿಂಗು ಎಲ್ಲಿಂದ ತರುವುದು, ಕೋಚ್ ಮಾತು ಆಮೇಲಿನದು ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ವಾಲಿಬಾಲ್ ಜೊತೆ ಹೋಲಿಸಿ ನೋಡಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ವಾಲಿಬಾಲ್ ಕೂಡ ಅದೇ ವೈಎಂಸಿಎಯ ಕೂಸು, 1895ರದು, ನಾಲ್ಕು ವರ್ಷ ಕಿರಿದು. ಎರಡು ಕಂಬ, ಒಂದು ನೆಟ್ ಇದ್ದರೆ ನಡೆಯುತ್ತದೆ, ಆದ್ದರಿಂದ ಕೃಷ್ಣೆ, ತುಂಗಭದ್ರೆಯ ನಡುವಿನ ಈ ದೋಆಬಿನ ಹಳ್ಳಿಹಳ್ಳಿಗೆ ಹೋಯಿತು. ಆದರೆ ನೆಲ ಅಗ್ಗವಾದದ್ದು ಅದರ ಅರ್ಧ ಕಾರಣ ಮಾತ್ರ. ವಾಲಿಬಾಲನ್ನು ಊರಿನ ದೊಡ್ಡ ಹುಡುಗರು ಸಂಜೆ ಆಡುತ್ತ ಆಡುತ್ತ ಸಣ್ಣವರಿಗೆ ಕಲಿಸಿದರು. ಅಲ್ಲಿ ದಿನದ ತಾಲೀಮು ತನ್ನಿಂದ ತಾನೇ ಆಯಿತು, ಕೋಚ್ ಇಲ್ಲದೆಯೂ ಕೋಚ್ ಕೆಲಸ ನಡೆಯಿತು. ಇನ್ನೊಂದು ಕಡೆ, ಕಾಂಕ್ರೀಟು ಹಾಕಿ ಎರಡು ಕಂಬ ನಿಲ್ಲಿಸಿದ ಶಾಲೆ, ಕಾಲೇಜುಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಕಲಿಸುವವರಿಲ್ಲದ ಕಡೆ ರಿಂಗಿಗೆ ತುಕ್ಕು ಹಿಡಿದಿದೆ, ಕೋರ್ಟು ಬೈಕು ನಿಲ್ಲಿಸುವ ಜಾಗವಾಗಿದೆ. ನೆಲವೇ ಸಾಕಾಗಿದ್ದರೆ ಅಲ್ಲೆಲ್ಲ ಆಟ ಇರಬೇಕಿತ್ತು.

ಶಕ್ತಿನಗರ ಈ ವಾದದೊಳಗೆ ಬರುವುದು ಇಲ್ಲಿ. ದೇವಸೂಗೂರಿನ ಪಕ್ಕ, ಕೃಷ್ಣೆಯ ನೀರು ಮತ್ತು ರೈಲು ಹಳಿ ಎರಡೂ ಕೈಗೆಟಕುವ ಜಾಗದಲ್ಲಿ ಕರ್ನಾಟಕ ವಿದ್ಯುತ್ ನಿಗಮ ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಕೇಂದ್ರವನ್ನು ಕಟ್ಟಿತು. 210 ಮೆಗಾವಾಟ್‌ನ ಮೊದಲ ಘಟಕ 1985ರಲ್ಲಿ ಚಾಲೂ ಆಯಿತು. ಕಾಲಕಾಲಕ್ಕೆ ಸೇರಿದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಅದುವರೆಗೆ ಶರಾವತಿಯ ಮಳೆಯನ್ನು ನಂಬಿದ್ದ ರಾಜ್ಯಕ್ಕೆ ಬರಗಾಲದಲ್ಲೂ ದೀಪ ಉರಿಸಿದ್ದು ಈ ಸ್ಥಾವರ. ಜೊತೆಗೆ ಒಂದು ಊರೇ ಹುಟ್ಟಿತು: ಸಾಲುಮನೆಗಳು, ಶಾಲೆ, ಆಸ್ಪತ್ರೆ, ಮೂರು ಪಾಳಿಯ ಡ್ಯೂಟಿ, ರಾಜ್ಯದ ಎಲ್ಲ ಮೂಲೆಗಳಿಂದ ಬಂದ ಸಂಬಳದ ಕುಟುಂಬಗಳು. ಇಂತಹ ಊರಿಗೆ ಸುತ್ತಲಿನ ತಾಲೂಕುಗಳಿಗೆ ಇಲ್ಲದ ಮೂರು ಅನುಕೂಲ ಇವೆ. ಮಕ್ಕಳು ಕೋರ್ಟಿಗೆ ನಡೆದು ಬರುವಷ್ಟು ಹತ್ತಿರ ಇರುತ್ತಾರೆ. ಸುಗ್ಗಿ ಬಂತೆಂದು, ಹತ್ತಿ ಬಿಡಿಸುವುದಿದೆಯೆಂದು, ದುಡಿಯಲು ಬೆಂಗಳೂರಿಗೆ ಗುಳೆ ಹೊರಟರೆಂದು ಆಟ ನಿಲ್ಲುವುದಿಲ್ಲ. ಬಿಸಿಲು 42 ಡಿಗ್ರಿ ದಾಟುವ ನಾಡಿನಲ್ಲಿ ಅಭ್ಯಾಸ ಬೆಳಗಿನ ಜಾವಕ್ಕೋ ದೀಪದ ಬೆಳಕಿಗೋ ಸರಿಯಬೇಕು, ದೀಪಕ್ಕೆ ಇಲ್ಲಿ ಬರವಿಲ್ಲ. ದಿನದ ತಾಲೀಮಿಗೆ ಬೇಕಾದ ಎಲ್ಲವೂ ಒಂದು ಟೌನ್‌ಶಿಪ್ಪಿನಲ್ಲಿ ಇರುತ್ತದೆ. ಇಲ್ಲದಿದ್ದರೆ ಇಲ್ಲದಿರುವುದು ಅದನ್ನೇ ಕಸುಬಾಗಿ ಮಾಡುವ ಮನುಷ್ಯ ಮಾತ್ರ.

ಇದು ಬರಿಯ ಊಹೆಯಲ್ಲ ಎನ್ನಲು ಛತ್ತೀಸ್‌ಗಢದ ಭಿಲಾಯಿ ಇದೆ. 1959ರಲ್ಲಿ ಉತ್ಪಾದನೆ ಶುರು ಮಾಡಿದ ಅಲ್ಲಿನ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪು ಕೂಡ ಬಡ ಜಿಲ್ಲೆಗಳ ನಡುವೆ ಎದ್ದು ನಿಂತ ಸರ್ಕಾರಿ ಊರು. ಅಲ್ಲಿ ಕಾರ್ಖಾನೆಯ ನೌಕರರೂ ಆಗಿದ್ದ ಕೋಚ್ ರಾಜೇಶ್ ಪಟೇಲ್ ಹುಡುಗಿಯರಿಗೆ ದಶಕಗಳ ಕಾಲ ದಿನವೂ ಬ್ಯಾಸ್ಕೆಟ್‌ಬಾಲ್ ಕಲಿಸಿದರು. ಛತ್ತೀಸ್‌ಗಢದ ಬಾಲಕಿಯರ, ಮಹಿಳೆಯರ ತಂಡಗಳು ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಪದಕದ ಮೇಲೆ ಪದಕ ಗೆದ್ದವು. ಸೀಮಾ ಸಿಂಗ್, ಅಂಜು ಲಕ್ರಾ ಅವರಂತಹವರು ಭಾರತಕ್ಕೆ ಆಡಿದರು. ದೂರದ, ಬಡ ಮನೆಗಳ ಹುಡುಗಿಯರನ್ನು ಕರೆತಂದು ನೆಲೆ ಕೊಟ್ಟು ಬೆಳೆಸಿದ ಆ ಕೋಚ್ 2018ರಲ್ಲಿ ತೀರಿಕೊಂಡರು. ಲುಧಿಯಾನದ ಅಕಾಡೆಮಿಯಲ್ಲಿ ತಮಿಳುನಾಡಿನ ಮೂಲದ ಎಸ್. ಸುಬ್ರಮಣಿಯನ್ ಮಾಡಿದ್ದೂ ಇದೇ ಕೆಲಸ. ಅವರ ಕೈಯಲ್ಲಿ ಪಳಗಿದ ಹಳ್ಳಿ ಹುಡುಗ ಸತ್ನಾಮ್ ಸಿಂಗ್ ಭಾಮರಾ 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ 52ನೆಯವನಾಗಿ ಆಯ್ಕೆಯಾದ ಮೊದಲ ಭಾರತೀಯ. ಇವರಿಬ್ಬರೂ ಪಂದ್ಯದ ಹೊತ್ತಿನಲ್ಲಿ ಮೌನಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರ ಶಿಷ್ಯರು ನೆನೆಯುವಂತಹ ಕೆಲಸ ನಡೆದದ್ದು ಸ್ಕೋರ್‌ಬೋರ್ಡು ಇಲ್ಲದ ಹೊತ್ತಿನಲ್ಲಿ, ಉಸ್ತಾದನ ರೀತಿಯಲ್ಲಿ.

ಎರಡನೆಯ ಆಕ್ಷೇಪ ಆಟ ಬಲ್ಲವರಿಂದ ಬರುತ್ತದೆ. ಇಂದಿನ ಬ್ಯಾಸ್ಕೆಟ್‌ಬಾಲ್ 1910ರ ಆಟವಲ್ಲ. 24 ಸೆಕೆಂಡಿನೊಳಗೆ ಹೊಡೆಯಬೇಕು, ಝೋನ್‌ನಿಂದ ಮ್ಯಾನ್-ಟು-ಮ್ಯಾನ್‌ಗೆ ಕ್ಷಣದಲ್ಲಿ ಬದಲಾಗಬೇಕು, ಐದು ಫೌಲ್ ಆದವನು ಹೊರಗೆ. ಬೆಂಚಿನಲ್ಲಿ ಕೂತು ಲೆಕ್ಕ ಹಾಕುವ ತಲೆ ಇಲ್ಲದೆ ತಂಡ ಗೆಲ್ಲುವುದುಂಟೇ? ದೊಡ್ಡವರ ಪಂದ್ಯಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಅಂತಾರಾಷ್ಟ್ರೀಯ ನಿಯಮವೇ ಆ ತಲೆಗೆ ಎಷ್ಟು ಹೊತ್ತು ಕೊಟ್ಟಿದೆ ನೋಡಿ: 40 ನಿಮಿಷದ ಪಂದ್ಯದಲ್ಲಿ ಮೊದಲರ್ಧಕ್ಕೆ 2, ಎರಡನೆಯ ಅರ್ಧಕ್ಕೆ 3, ಒಟ್ಟು 5 ಟೈಮ್‌ಔಟ್, ಒಂದೊಂದು ಒಂದು ನಿಮಿಷ. ಆ ಒಂದು ನಿಮಿಷದಲ್ಲಿ ಮಕ್ಕಳು ಓಡಿ ಬಂದು, ನೀರು ಕುಡಿದು, ಉಸಿರು ತಿರುಗಿಸಿಕೊಳ್ಳುವುದರೊಳಗೆ ಅರ್ಧ ಕಳೆದಿರುತ್ತದೆ. ಉಳಿದ ಅರ್ಧದಲ್ಲಿ ಒಂದು ಮಾತು ಹೇಳಬಹುದು, ಎರಡು ಹೇಳಿದರೆ ಎರಡೂ ಉಳಿಯುವುದಿಲ್ಲ. ಆ ಒಂದು ಮಾತು ಅರ್ಥವಾಗಬೇಕಾದರೂ ಅದು ಮೊದಲೇ ಕಲಿಸಿದ್ದಾಗಿರಬೇಕು. ‘ಝೋನ್’ ಎಂಬ ಒಂದೇ ಪದಕ್ಕೆ ಐದು ಜನ ತಮ್ಮತಮ್ಮ ಜಾಗಕ್ಕೆ ಹೋಗಿ ನಿಲ್ಲುವುದು ತಿಂಗಳ ತಾಲೀಮಿನ ಫಲ. ದಿನಕ್ಕೆ ಒಂದೂವರೆ ತಾಸು, ವಾರಕ್ಕೆ ಐದು ದಿನ, ವರ್ಷಕ್ಕೆ 40 ವಾರ ಎಂದು ಹಿಡಿದರೆ 300 ತಾಸು. ಒಬ್ಬ ಶಾಲಾ ಆಟಗಾರ ವರ್ಷದಲ್ಲಿ 10 ಪಂದ್ಯ ಆಡಿದರೂ ಟೈಮ್‌ಔಟ್‌ಗಳೆಲ್ಲ ಸೇರಿ 50 ನಿಮಿಷ. ತರಬೇತಿ ಎಲ್ಲಿದೆ ಎಂದು ಈ ಲೆಕ್ಕವೇ ಹೇಳುತ್ತದೆ.

ತಾಲೀಮೇ ಇಲ್ಲದ ಮಕ್ಕಳಿಗೆ ಪಂದ್ಯದಲ್ಲಾದರೂ ಹೇಳಿಕೊಡಬಾರದೇ ಎಂಬುದು ಕರುಣೆಯಿಂದ ಬರುವ ಪ್ರಶ್ನೆ, ಅದಕ್ಕೆ ಉತ್ತರ ಕೊಡುವುದು ಕಷ್ಟ. ಗೆರೆಯ ಹೊರಗಿನಿಂದ ಒಂದು ದನಿ, ಅದರ ಜೊತೆಗೆ ಪಾಲಕರ ನಾಲ್ಕು ದನಿ ಕೇಳುತ್ತಿರುವ 12 ವರ್ಷದ ಮಗು ಚೆಂಡಿನ ಮೇಲಿನ ಕಣ್ಣನ್ನು ಕೋಚ್‌ನ ಮುಖಕ್ಕೆ ತಿರುಗಿಸುತ್ತದೆ. ಎದುರಾಳಿ ಅಷ್ಟರಲ್ಲಿ ದಾಟಿ ಹೋಗಿರುತ್ತಾನೆ. ತಪ್ಪಿಗೆ ಬೈಗುಳ ಬಿದ್ದರೆ ಮುಂದಿನ ಸಲ ಆ ಮಗು ಹೊಡೆಯುವುದೇ ಇಲ್ಲ, ಚೆಂಡನ್ನು ಬೇರೆಯವರಿಗೆ ದಾಟಿಸಿ ಪಾರಾಗುತ್ತದೆ. ಸಹಾಯವೆಂದು ಕೂಗಿದ್ದು ಕಲಿಕೆಯನ್ನು ಕಿತ್ತುಕೊಳ್ಳುತ್ತದೆ. ಸಣ್ಣವರ ಆಟವನ್ನು ಬೇರೆ ಮಾಡಬೇಕೆಂಬ ತಿಳಿವು ಜಗತ್ತಿಗೆ ಬಂದು 70 ವರ್ಷ ದಾಟಿದೆ: 1950ರಲ್ಲಿ ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಜೇ ಆರ್ಚರ್ ಎಂಬ ಶಿಕ್ಷಕ ರಿಂಗ್ ತಗ್ಗಿಸಿ, ಚೆಂಡು ಕಿರಿದು ಮಾಡಿ ಶುರು ಮಾಡಿದ್ದೇ ಇಂದಿನ ಮಿನಿ ಬ್ಯಾಸ್ಕೆಟ್‌ಬಾಲ್. ದೊಡ್ಡವರ ರಿಂಗ್ 3.05 ಮೀಟರ್ ಎತ್ತರಕ್ಕಿದ್ದರೆ ಮಿನಿಯದು 2.60. ಈ 45 ಸೆಂಟಿಮೀಟರ್ ತಗ್ಗಿಸಿದರೆ ಬೆನ್ನು ಬಗ್ಗಿಸಿ ಎರಡು ಕೈಯಿಂದ ಎಸೆಯುವ ಮಗು ನೆಟ್ಟಗೆ ನಿಂತು ಒಂದು ಕೈಯಿಂದ ಹೊಡೆಯಬಲ್ಲದು. ಕೂಗಿ ಹೇಳಬೇಕಾದದ್ದನ್ನು ಕಬ್ಬಿಣದ ಒಂದು ರಿಂಗೇ ಹೇಳಿಕೊಡುತ್ತದೆ. ನಮ್ಮ ಶಾಲೆಗಳಲ್ಲಿ ಇರುವ ಕೆಲವೇ ಬೋರ್ಡುಗಳೂ ದೊಡ್ಡವರ ಎತ್ತರಕ್ಕೇ ನಿಂತಿರುವುದು, ಅವುಗಳನ್ನು ಪಂದ್ಯಕ್ಕಾಗಿ ಕಟ್ಟಿದ್ದು, ಕಲಿಕೆಗಾಗಿ ಅಲ್ಲ ಎಂಬುದಕ್ಕೆ ಗುರುತು.

ಕಬಡ್ಡಿ, ಕುಸ್ತಿಯ ನಾಡಿಗೆ ಈ ಹೊರಗಿನ ಆಟ ಯಾಕೆ ಎನ್ನುವವರೂ ಇದ್ದಾರೆ. ಕಬಡ್ಡಿಗೂ ಇದೇ ಮಾತು ಸಲ್ಲುತ್ತದೆ, ಅಲ್ಲೂ ದಿನದ ತಾಲೀಮಿನ ಮಾಸ್ತರನೇ ಬೇಕು. ಒಂದನ್ನು ಕಟ್ಟಲು ಇನ್ನೊಂದನ್ನು ಕೆಡವಬೇಕಿಲ್ಲ. ಆದರೂ ಬ್ಯಾಸ್ಕೆಟ್‌ಬಾಲ್ ಪರವಾಗಿ ಒಂದು ಮಾತು ಹೇಳಲೇಬೇಕು. ಕರ್ನಾಟಕದಲ್ಲಿ ಹುಡುಗಿಯರು ಹೆಚ್ಚಿನ ಸಂಖ್ಯೆಯಲ್ಲಿ ಹಿಡಿದ ಆಟಗಳಲ್ಲಿ ಇದು ಒಂದು, ಇದರ ಬಲದಿಂದ ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಹಿಡಿದ ಹೆಣ್ಣುಮಕ್ಕಳು ಎಷ್ಟೋ. ಅಂತಹ ದಾರಿ ದೇವದುರ್ಗದ, ಮಾನ್ವಿಯ ಹುಡುಗಿಗೂ ತೆರೆಯಬೇಕಾದರೆ ಅವಳ ಮನೆಯವರು ಕೋಚ್‌ನನ್ನು ನಂಬಬೇಕು. ವರ್ಷಕ್ಕೊಂದು ಸಲ ಪಂದ್ಯಕ್ಕೆ ಕರೆದೊಯ್ಯಲು ಬರುವವನ ಮೇಲೆ ಆ ನಂಬಿಕೆ ಹುಟ್ಟುವುದಿಲ್ಲ. ದಿನವೂ ಅದೇ ಹೊತ್ತಿಗೆ ಕೋರ್ಟಿನಲ್ಲಿರುವ, ಮಗಳು ಬರದಿದ್ದರೆ ‘ಯಾಕ ಬರಲಿಲ್ರೀ?’ ಎಂದು ಮನೆಗೆ ವಿಚಾರಿಸುವ, ಸಾಧ್ಯವಾದರೆ ಹೆಣ್ಣೇ ಆಗಿರುವ ಕೋಚ್ ಮೇಲೆ ಹುಟ್ಟುತ್ತದೆ.

ಒಬ್ಬ ವ್ಯಕ್ತಿಯ ಮೇಲೆ ಇಷ್ಟು ಭಾರ ಹಾಕಿದರೆ, ಆ ವ್ಯಕ್ತಿ ಹೋದ ಮೇಲೆ ಏನು ಎಂಬ ಪ್ರಶ್ನೆಯನ್ನು ಭಿಲಾಯಿಯೇ ಎತ್ತುತ್ತದೆ. ಗರಡಿಗಳೂ ಹೀಗೆಯೇ ಮುಚ್ಚಿದವು, ಉಸ್ತಾದ ಕಣ್ಣು ಮುಚ್ಚಿದ ವರ್ಷವೇ ಮಣ್ಣು ಒಣಗಿತು. ಆದ್ದರಿಂದ ನಾನು ಕೇಳುತ್ತಿರುವುದು ಒಬ್ಬ ಮಹಾಪುರುಷನನ್ನಲ್ಲ, ಒಂದು ಹುದ್ದೆಯನ್ನು: ಶಕ್ತಿನಗರದಂತಹ ಟೌನ್‌ಶಿಪ್ಪಿನಲ್ಲಿ ಎನ್‌ಐಎಸ್ ಕಲಿತ ಒಬ್ಬ ಕೋಚ್‌ಗೆ ಕಾಯಂ ಸಂಬಳ, ಗುತ್ತಿಗೆಯ 11 ತಿಂಗಳಲ್ಲ, ಕಾಲೊನಿಯ ಮಕ್ಕಳ ಜೊತೆ ದೇವಸೂಗೂರಿನ, ಸುತ್ತಲ ಹಳ್ಳಿಗಳ ಮಕ್ಕಳಿಗೂ ಗೇಟು ತೆರೆಯುವ ಒಪ್ಪಂದ, ಬೇಸಿಗೆ ರಜೆಯಲ್ಲಿ ಮಾನ್ವಿ, ದೇವದುರ್ಗದ ಪಿ.ಟಿ. ಮಾಸ್ತರರಿಗೆ ಅದೇ ಕೋರ್ಟಿನಲ್ಲಿ ಕಲಿಸುವ ಕೆಲಸ. ಬಿಟ್ಟು ಹೋಗುವಾಗ ಮುಂದೆ ಬರುವವರ ಕೈಗೆ ಕೊಡಲು ಯಾವ ಮಗು ಯಾವ ದಿನ ಏನು ಕಲಿಯಿತು ಎಂಬ ಒಂದು ರಿಜಿಸ್ಟರ್. ಸಂವಿಧಾನದ 371(ಜೆ) ಕಲಮು ಈ ಭಾಗದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಪಾಲು ತೆಗೆದಿಟ್ಟಿದೆ. ಅದರ ಹೆಸರಲ್ಲಿ ಬರುವ ಅಭಿವೃದ್ಧಿಯ ಹಣ ಕ್ರೀಡಾಂಗಣದ ಗೋಡೆಗೆ, ಗ್ಯಾಲರಿಗೆ ಹೋಗುವ ಮೊದಲು ಈ ಒಂದು ಸಂಬಳಕ್ಕೆ ಹೋಗಲಿ ಎಂದು ರಾಯಚೂರಿನವರು ಗಟ್ಟಿಯಾಗಿ ಕೇಳಬೇಕು.